ನುಡಿಯಲ್ಲಿರುವ ಹಳೇ ಕ್ಯಾಟಲಾಗ್ ಕೋಹಾಕ್ಕೆ ತರುವುದು ಹೇಗೆ? ಆರ್‌ಎಫ್‌ಐಡಿ ಈಗಲೇ ಬೇಕೆ?

ಮಂಡ್ಯ ಗ್ರಂಥಪಾಲಕಿ

ನಮಸ್ಕಾರ. ಮಂಡ್ಯ ಜಿಲ್ಲೆಯ ಒಂದು ಖಾಸಗಿ ಪದವಿ ಕಾಲೇಜಿನ ಲೈಬ್ರರಿ. ಜನರಲ್ ರಿಜಿಸ್ಟರಿನಲ್ಲಿ 12,400 ಪುಸ್ತಕ, ಬುಕ್ ಬ್ಯಾಂಕಿನ ಬೇರೆ ರಿಜಿಸ್ಟರಿನಲ್ಲಿ 2,200, ಒಟ್ಟು 14,600. ಇದರಲ್ಲಿ ಹೆಚ್ಚುಕಡಿಮೆ 6,000 ಕನ್ನಡದವು. ಕೆಲಸಕ್ಕೆ ಇರುವುದು ಒಬ್ಬ ಲೈಬ್ರರಿಯನ್, ಒಬ್ಬ ಅಟೆಂಡರ್.

ಸುಮಾರು ಇಪ್ಪತ್ತು ವರ್ಷದ ಹಿಂದೆ ಹಾಕಿಸಿದ ಒಂದು ಸ್ಥಳೀಯ ಸಾಫ್ಟ್‌ವೇರ್ ಇದೆ. ಮಾಡಿಕೊಟ್ಟವರು ಈಗ ಸಿಗುವುದಿಲ್ಲ. ಒಳಗಿರುವುದು ಫಾಕ್ಸ್‌ಪ್ರೋ ಎಂಬ ಹಳೇ ಡೇಟಾಬೇಸಿನ ಡಿಬಿಎಫ್ ಕಡತಗಳು. ಕನ್ನಡ ಪುಸ್ತಕಗಳ ಹೆಸರು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪಾಗಿವೆ. ಎಕ್ಸೆಲ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. 2015ರಿಂದ ಈಚೆಗೆ ಬಂದ ಪುಸ್ತಕಗಳು ರಿಜಿಸ್ಟರಿನಲ್ಲಿ ಮಾತ್ರ ಇವೆ. ನ್ಯಾಕ್ (ಕಾಲೇಜಿನ ಗುಣಮಟ್ಟದ ಪರಿಶೀಲನೆ) ಹತ್ತಿರ ಬರುತ್ತಿರುವುದರಿಂದ ಮ್ಯಾನೇಜ್‌ಮೆಂಟಿನವರು ಆರ್‌ಎಫ್‌ಐಡಿ ಗೇಟು (ಪುಸ್ತಕಕ್ಕೆ ಹಚ್ಚಿದ ಟ್ಯಾಗನ್ನು ರೇಡಿಯೋ ಅಲೆಯಿಂದ ಓದುವ ಬಾಗಿಲು) ಹಾಕಿಸಲು ಒಂದು ಕೊಟೇಶನ್ ತರಿಸಿದ್ದಾರೆ.

ತಿಳಿಯಬೇಕಾಗಿರುವುದು:

1. ಕೋಹಾ, ಸೋಲ್, ಇ-ಗ್ರಂಥಾಲಯ, ಈ ಮೂರು ಲೈಬ್ರರಿ ಸಾಫ್ಟ್‌ವೇರ್‌ಗಳಲ್ಲಿ ಯಾವುದು?
2. ನುಡಿಯ ಡೇಟಾ ಪರಿವರ್ತಿಸಬಹುದೇ, ಇಲ್ಲ 6,000 ಹೆಸರನ್ನೂ ಮತ್ತೆ ಟೈಪ್ ಮಾಡಬೇಕೇ?
3. ಎರಡೂ ರಿಜಿಸ್ಟರ್ 1ರಿಂದ ಶುರುವಾಗುತ್ತವೆ. 512 ಅಂದರೆ ಎರಡು ಪುಸ್ತಕ. ಬಾರ್‌ಕೋಡ್ ಹೇಗೆ?
4. ಆರ್‌ಎಫ್‌ಐಡಿ ಈಗಲೇ ತೆಗೆದುಕೊಳ್ಳಬೇಕೇ?

ಕಪಾಟು

ಮೇಡಂ, ಈ ನಾಲ್ಕಕ್ಕೂ ಮುಂಚೆ ಗೊತ್ತಾಗಬೇಕಾದದ್ದು ಒಂದಿದೆ: 14,600ರಲ್ಲಿ ಕಪಾಟಿನಲ್ಲಿ ನಿಜಕ್ಕೂ ಇರುವುದು ಎಷ್ಟು? ಅದು ತಿಳಿಯದೆ ಡೇಟಾ ಏರಿಸಿದರೆ ಕಳೆದುಹೋದ ಪುಸ್ತಕಗಳೆಲ್ಲ ಕಂಪ್ಯೂಟರಿನಲ್ಲಿ ‘ಲಭ್ಯ’ ಎಂದು ತೋರಿಸುತ್ತವೆ. ಎರಡು ಸಲ ಹುಡುಕಿ ಬರಿಗೈಲಿ ವಾಪಸ್ಸಾದ ವಿದ್ಯಾರ್ಥಿ ಮೂರನೇ ಸಲ ಕ್ಯಾಟಲಾಗಿನ ಕಡೆ ತಿರುಗಿಯೂ ನೋಡುವುದಿಲ್ಲ.

ಇದಕ್ಕೆ ಪುಸ್ತಕದ ಹೆಸರು, ಲೇಖಕರು ಏನೂ ಬೇಡ, ನಂಬರ್ ಸಾಕು. ಅಟೆಂಡರ್ ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕ ತೆರೆದು ಅಕ್ಸೆಷನ್ ನಂಬರ್ (ರಿಜಿಸ್ಟರಿನ ಕ್ರಮಸಂಖ್ಯೆ) ಕೂಗಲಿ. ನೀವು ಅದನ್ನೇ ತಿರುಗಿ ಹೇಳುತ್ತಾ ಎಕ್ಸೆಲ್‌ನ ಒಂದು ಕಾಲಂನಲ್ಲಿ ಹೊಡೆಯಿರಿ. ಪಕ್ಕದ ಕಾಲಂನಲ್ಲಿ ಜನರಲ್ಲೋ ಬುಕ್ ಬ್ಯಾಂಕೋ, ಅದರ ಪಕ್ಕ ಕಪಾಟಿನ ನಂಬರ್. ಪುಸ್ತಕಕ್ಕೆ 10 ಸೆಕೆಂಡ್ ಹಿಡಿದರೆ ಗಂಟೆಗೆ 360, ಅಂದರೆ 14,600ಕ್ಕೆ 41 ಗಂಟೆ. ದಿನಕ್ಕೆ 4 ಗಂಟೆಯಂತೆ ಹತ್ತು ಹನ್ನೊಂದು ದಿನ. ಸೆಮಿಸ್ಟರ್ ರಜೆಯಲ್ಲಿ ಮುಗಿಯುತ್ತದೆ. ನಾಲ್ಕು ಗಂಟೆ ಮೀರಬೇಡಿ. ದಣಿದ ಮೇಲೆ 4312 ಹೋಗಿ 4321 ಆಗುತ್ತದೆ, ಆ ಒಂದು ತಪ್ಪಿನಿಂದ ಎರಡು ಪುಸ್ತಕದ ಲೆಕ್ಕ ಕೆಡುತ್ತದೆ.

ಕಪಾಟು ಮುಗಿದ ಮೇಲೆ ಇಶ್ಯೂ ಆಗಿರುವವು, ಬೈಂಡಿಂಗಿಗೆ ಹೋಗಿರುವವು, ಡಿಪಾರ್ಟ್‌ಮೆಂಟುಗಳಲ್ಲಿ ಕೂತಿರುವವು, ಈ ನಂಬರುಗಳನ್ನೂ ಅದೇ ಪಟ್ಟಿಗೆ ಸೇರಿಸಿ. ಆಮೇಲೆ ಡಿಬಿಎಫ್‌ನ ನಂಬರಿನ ಕಾಲಂ ಜೊತೆ ಕೌಂಟ್‌ಇಫ್ (ಒಂದು ನಂಬರ್ ಎಷ್ಟು ಸಲ ಇದೆ ಎಂದು ಎಣಿಸುವ) ಸೂತ್ರ ಹಾಕಿ, ಎರಡೂ ರಿಜಿಸ್ಟರನ್ನು ಬೇರೆ ಬೇರೆಯಾಗಿ ಹೋಲಿಸಿದರೆ ಮೂರು ಗುಂಪಾಗುತ್ತದೆ. ಎರಡರಲ್ಲೂ ಇರುವವು ನೇರ ಕೋಹಾಕ್ಕೆ. ಡೇಟಾದಲ್ಲಿದ್ದು ಕಪಾಟಿನಲ್ಲಿ ಇಲ್ಲದವು ಕಾಣೆಪಟ್ಟಿಗೆ. ಕಪಾಟಿನಲ್ಲಿದ್ದು ಡೇಟಾದಲ್ಲಿ ಇಲ್ಲದವು (2015ರ ನಂತರದವೆಲ್ಲ ಇಲ್ಲಿ ಬೀಳುತ್ತವೆ) ಹೊಸದಾಗಿ ಕ್ಯಾಟಲಾಗ್ ಮಾಡಬೇಕಾದವು. ಒಂದೇ ನಂಬರ್ ಎರಡು ಪುಸ್ತಕಕ್ಕೆ ಬಿದ್ದಿರುವುದು, ‘4312ಎ’ ಎಂದು ಇರುಕಿಸಿ ಬರೆದಿರುವುದು ಇವೂ ಇದೇ ಹಂತದಲ್ಲಿ ಹೊರಬೀಳುತ್ತವೆ. ‘ಎ’ ಹಚ್ಚಿದವಕ್ಕೆ ರಿಜಿಸ್ಟರಿನ ಕೊನೆಯಿಂದ ಹೊಸ ನಂಬರ್ ಕೊಟ್ಟು, ಹಳೇ ಸಾಲಿನ ಷರಾ ಕಾಲಂನಲ್ಲಿ ಕೆಂಪಿಂಕಿನಲ್ಲಿ ಹೊಸ ನಂಬರ್ ಬರೆದು, ಪ್ರಿನ್ಸಿಪಾಲರ ಸಹಿ ಹಾಕಿಸಿ.

ಕಾಣೆಪಟ್ಟಿ ನೋಡಿ ಗಾಬರಿಯಾಗಬೇಡಿ, ಮುಚ್ಚಿಡಲೂ ಬೇಡಿ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017, ನಿಯಮ 215 ಹೀಗೆ ಹೇಳುತ್ತದೆ: 20,000 ಸಂಪುಟದವರೆಗಿನ ಲೈಬ್ರರಿಯಲ್ಲಿ ಪ್ರತಿ ವರ್ಷ ಪೂರ್ತಿ ಎಣಿಕೆ, 20,000ದಿಂದ 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ. ವರ್ಷದಲ್ಲಿ ಇಶ್ಯೂ ಆದ ಅಥವಾ ಅಲ್ಲೇ ಕೂತು ಓದಿದ ಪ್ರತಿ 1,000 ಪುಸ್ತಕಕ್ಕೆ 5 ನಷ್ಟವಾದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ಅದು ಸಹಜ. 1,000 ರೂಪಾಯಿಗಿಂತ ಹೆಚ್ಚು ಬೆಲೆಯದ್ದು, ಇಲ್ಲವೇ ಬೆಲೆ ಎಷ್ಟೇ ಇದ್ದರೂ ಅಪರೂಪದ ಪುಸ್ತಕ ಕಳೆದರೆ ವಿಚಾರಣೆ ಆಗಲೇಬೇಕು. ನಿಮ್ಮ ಕಾಲೇಜಿಗೆ ಇದು ನೇರವಾಗಿ ಅನ್ವಯಿಸದಿದ್ದರೂ ಮ್ಯಾನೇಜ್‌ಮೆಂಟಿನ ಮುಂದೆ ಇಡಲು ಗಟ್ಟಿ ಆಧಾರ. ಕಳೆದ ಪುಸ್ತಕಕ್ಕೆಲ್ಲ ಲೈಬ್ರರಿಯನ್ ಸಂಬಳದಿಂದ ಹಿಡಿಯಬೇಕು ಎನ್ನುವ ಮಾತು ಎದ್ದಾಗ ಈ ನಿಯಮ ಕೈಯಲ್ಲಿರಬೇಕು. ಮಕ್ಕಳು ಮುಟ್ಟಲಿ ಎಂದೇ ಕಪಾಟು ತೆರೆದಿಟ್ಟಿರುವುದು, ಬೀಗ ಹಾಕಿಟ್ಟ ಬೀರುವಿಗೆ ಲೈಬ್ರರಿ ಎನ್ನುವುದಿಲ್ಲ.

ಸಾಫ್ಟ್‌ವೇರ್ ವಿಷಯ ಚುಟುಕಾಗಿ: ಸರ್ಕಾರಿ ಕಾಲೇಜಾಗಿದ್ದರೆ ಎನ್‌ಐಸಿಯ (ಕೇಂದ್ರ ಸರ್ಕಾರದ ಐಟಿ ಸಂಸ್ಥೆ) ಇ-ಗ್ರಂಥಾಲಯವೇ ಸುಲಭ. ಸೋಲ್ ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ನದು, ಕಾಲೇಜುಗಳಿಗೆಂದೇ ಮಾಡಿದ್ದು, ಕಲಿಯುವುದು ಕಷ್ಟವಿಲ್ಲ. ಕೋಹಾ ಉಚಿತ, ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಲೈಬ್ರರಿಯಲ್ಲಿ 2000ದಲ್ಲಿ ಶುರುವಾದದ್ದು. ಆದರೆ ಉಬುಂಟು ಅಥವಾ ಡೆಬಿಯನ್ (ಲಿನಕ್ಸ್ ವ್ಯವಸ್ಥೆಗಳು) ನೋಡಿಕೊಳ್ಳುವವರು ಒಬ್ಬರು ಬೇಕು. ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಅಂಥವರಿದ್ದರೆ ಕೋಹಾ. ಯಾವುದಾದರೂ ಸರಿ, ಮಾರ್ಕ್ 21 (ಪ್ರತಿ ವಿವರಕ್ಕೂ ಒಂದು ಸಂಖ್ಯೆಯ ಕ್ಷೇತ್ರ ಇರುವ ಲೈಬ್ರರಿ ದಾಖಲೆ) ರೂಪದಲ್ಲಿ ಡೇಟಾ ಹೊರತೆಗೆಯಲು ಬರಬೇಕು. ಹಳೇ ಸಾಫ್ಟ್‌ವೇರಿನಲ್ಲಿ ಸಿಕ್ಕಿಕೊಂಡಂತೆ ಇನ್ನೊಮ್ಮೆ ಸಿಕ್ಕಿಕೊಳ್ಳಬಾರದು.

512ರ ಸಮಸ್ಯೆಗೆ: ಬಾರ್‌ಕೋಡಿನಲ್ಲಿ ಬರೀ ಅಂಕಿ ಇರಲಿ, ಒಟ್ಟು ಏಳು. ಜನರಲ್‌ಗೆ ಮೊದಲ ಅಂಕಿ 1, ಬುಕ್ ಬ್ಯಾಂಕಿಗೆ 2. ಜನರಲ್ 512 ಆಗುತ್ತದೆ 1000512, ಬುಕ್ ಬ್ಯಾಂಕಿನದು 2000512. ಮುಂದೆ ಸೊನ್ನೆ ಬರುವುದಿಲ್ಲ, ಹಾಗಾಗಿ ಎಕ್ಸೆಲ್ ಸೊನ್ನೆ ನುಂಗುವ ಪ್ರಶ್ನೆಯೂ ಇಲ್ಲ. ರಿಜಿಸ್ಟರಿನಲ್ಲಿರುವ ಮೂಲ ನಂಬರ್ ಇದ್ದ ಹಾಗೇ ಕೋಹಾದಲ್ಲಿ ಪ್ರತಿಯ ವಿವರ ಇರುವ 952ನೇ ಕ್ಷೇತ್ರದ ‘ಐ’ ಉಪಕ್ಷೇತ್ರಕ್ಕೆ ಹೋಗಲಿ. ಆಡಿಟಿನವರು ಕೇಳುವುದು ಆ ನಂಬರನ್ನೇ.

ಲಿಪಿಕಾರ

ಎರಡನೇ ಪ್ರಶ್ನೆಗೆ: ಮತ್ತೆ ಟೈಪ್ ಮಾಡುವುದು ಬೇಡ, ನುಡಿಯಿಂದ ಯೂನಿಕೋಡಿಗೆ (ಈಗಿನ ಕಂಪ್ಯೂಟರುಗಳ ಅಕ್ಷರ ಸಂಕೇತ) ಬದಲಿಸುವ ಪರಿವರ್ತಕ ಸಾಫ್ಟ್‌ವೇರಿನಿಂದ ಪರಿವರ್ತಿಸಬಹುದು. ಆದರೆ ಡಿಬಿಎಫ್ ತೆರೆಯುವ ಮೊದಲ ಹೆಜ್ಜೆಯಲ್ಲೇ ಹೆಚ್ಚಿನವರ ಡೇಟಾ ಕೆಡುತ್ತದೆ, ಅಲ್ಲಿ ನಿಧಾನಿಸಿ.

ಮೊದಲು ಡಿಬಿಎಫ್‌ಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿ, ಮೂಲ ಮುಟ್ಟಬೇಡಿ. ನಕಲನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ಯಾವ ಅಕ್ಷರ ಸಂಕೇತ ಎಂದು ಅದು ಕೇಳುತ್ತದೆ. ಪಶ್ಚಿಮ ಯುರೋಪ್, ವಿಂಡೋಸ್-1252 ಎಂದು ಆರಿಸಿ. ನುಡಿಯ ಹಳೇ ಫಾಂಟುಗಳು ಕನ್ನಡದ ಚೂರುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಒತ್ತುಚಿಹ್ನೆಯ ಅಕ್ಷರಗಳ ಜಾಗದಲ್ಲಿ ಕೂರಿಸಿವೆ. ಇಲ್ಲಿ ಯುಟಿಎಫ್-8 (ಯೂನಿಕೋಡ್ ಉಳಿಸುವ ರೂಪ) ಎಂದು ಆರಿಸಿದರೆ ಆ ಒತ್ತುಚಿಹ್ನೆಯ ಅಕ್ಷರಗಳು ಪ್ರಶ್ನಾರ್ಥಕವಾಗಿ ಬದಲಾಗುತ್ತವೆ, ಆಮೇಲೆ ಯಾವ ಪರಿವರ್ತಕದಿಂದಲೂ ವಾಪಸ್ ಬರುವುದಿಲ್ಲ. ಕಲಸುಮೇಲೋಗರ ಕಾಣುತ್ತಿದೆ ಅಂದಿರಲ್ಲ, ಅದು ಒಳ್ಳೆಯ ಲಕ್ಷಣ: ಡೇಟಾ ಬದುಕಿದೆ.

ಎರಡನೇದು, ಇಡೀ ಹಾಳೆಯನ್ನು ಪರಿವರ್ತಕಕ್ಕೆ ಸುರಿಯಬೇಡಿ. ನುಡಿಗೆ ಇಂಗ್ಲಿಷ್ ಅಕ್ಷರವೂ ಕನ್ನಡದ ಚೂರೇ. ಇಂಗ್ಲಿಷ್ ಪುಸ್ತಕದ ಹೆಸರು, ಪ್ರಕಾಶಕರ ಹೆಸರು, ‘ವಾಲ್ಯೂಮ್’ ಎಂದು ಇಂಗ್ಲಿಷಿನಲ್ಲಿ ಬರೆದದ್ದು ಎಲ್ಲವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ. ಭಾಷೆಯ ಕಾಲಂ ಇದ್ದರೆ ಅದರ ಮೇಲೆ ಫಿಲ್ಟರ್ ಹಾಕಿ ಕನ್ನಡ ಸಾಲುಗಳನ್ನು ಬೇರೆ ಹಾಳೆಗೆ ತೆಗೆದು, ಹೆಸರು, ಲೇಖಕರು, ಪ್ರಕಾಶಕರು, ಸ್ಥಳ ಈ ಕಾಲಂಗಳನ್ನು ಒಂದೊಂದಾಗಿ ಪರಿವರ್ತಿಸಿ. ಭಾಷೆಯ ಕಾಲಂ ಇಲ್ಲದಿದ್ದರೆ ಒತ್ತುಚಿಹ್ನೆಯ ಅಕ್ಷರ ಇರುವ ಸಾಲುಗಳನ್ನು ಹುಡುಕಿ ತೆಗೆಯಿರಿ, ಬಹುತೇಕ ಅವೇ ಕನ್ನಡದವು.

ಪರಿವರ್ತನೆಯಾದ ಮೇಲೆ ತಿದ್ದುವ ಕೆಲಸ ಇದೆ. ಅತಿ ಹೆಚ್ಚು ಕೆಡುವುದು ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಅದನ್ನು ಸರಿಯಾಗಿ ಹಿಂದಕ್ಕೆ ತಳ್ಳದ ಪರಿವರ್ತಕ ‘ಕರ್ನಾಟಕ’ವನ್ನು ‘ಕನಾರ್ಟಕ’ ಮಾಡುತ್ತದೆ, ‘ಧರ್ಮ’ ‘ಧಮರ್’ ಆಗುತ್ತದೆ, ‘ಅರ್ಥಶಾಸ್ತ್ರ’ ‘ಅಥರ್ಶಾಸ್ತ್ರ’. ಈ ತಪ್ಪು ಕಣ್ಣಿಗೆ ಬೇಗ ಬೀಳುವುದಿಲ್ಲ, ಆದರೆ ಹುಡುಕಾಟದಲ್ಲಿ ಆ ಪುಸ್ತಕ ಸತ್ತಂತೆಯೇ. ‘ಕನಾರ್’, ‘ಧಮರ್’, ‘ಅಥರ್’, ‘ವಷರ್’, ‘ಮಾಗರ್’ ಇವನ್ನು ಹುಡುಕಿ ಬದಲಿಸಿದರೆ ದೊಡ್ಡ ಪಾಲು ಹೋಗುತ್ತದೆ. ಉಳಿದದ್ದಕ್ಕೆ ‘ರ್’ ಇರುವ ಸಾಲುಗಳನ್ನೆಲ್ಲ ಒಟ್ಟಿಗೆ ಜೋಡಿಸಿಕೊಂಡು ಒಮ್ಮೆ ಕಣ್ಣಾಡಿಸಿ.

ಇನ್ನೊಂದು ಕಣ್ಣಿಗೆ ಕಾಣದ ತಪ್ಪು: ಸೊನ್ನೆ. ‘ಪಂಪ’ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಅಂಕಿ ‘೦’ ಒತ್ತಿದರೆ ‘ಪ೦ಪ’ ಆಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ತರಹ. ಕಂಪ್ಯೂಟರಿಗೆ ಒಂದು ಅಕ್ಷರ, ಇನ್ನೊಂದು ಅಂಕಿ. ಹೆಸರು ಮತ್ತು ಲೇಖಕರ ಕಾಲಂಗಳಲ್ಲಿ ‘೦’ ಇರುವಲ್ಲೆಲ್ಲ ‘ಂ’ ಎಂದು ಬದಲಿಸಿ. ‘೧೯೦೦’ ತರಹದ ನಿಜವಾದ ಅಂಕಿಗಳನ್ನು ಮಾತ್ರ ಬಿಟ್ಟುಬಿಡಿ. ಹೊಸದಾಗಿ ಟೈಪ್ ಮಾಡುವ ಅಟೆಂಡರ್‌ಗೂ ಈ ವ್ಯತ್ಯಾಸ ಮೊದಲ ದಿನವೇ ತೋರಿಸಿಕೊಡಿ.

ಕೊನೆಗೆ, ಎಕ್ಸೆಲ್‌ನಿಂದ ಸಾಮಾನ್ಯ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಕ್ಯಾಲ್ಕ್‌ನಿಂದಲೇ ಯುಟಿಎಫ್-8 ಆರಿಸಿ, ಟ್ಯಾಬ್ ವಿಭಜಕ ಕೊಟ್ಟು ಉಳಿಸಿ.

ಇಪ್ಪತ್ತೊಂದು

ಮೇಲಿನಿಬ್ಬರೂ ಹೇಳಿದ್ದಾದ ಮೇಲೆ ಕೋಹಾಕ್ಕೆ ಏರಿಸುವ ಹಂತ. ದಾರಿ ಇಷ್ಟು: ಶುದ್ಧವಾದ ಹಾಳೆ, ಮಾರ್ಕ್‌ಎಡಿಟ್ ಸಾಫ್ಟ್‌ವೇರಿನ ಡಿಲಿಮಿಟೆಡ್ ಟೆಕ್ಸ್ಟ್ ಟ್ರಾನ್ಸ್‌ಲೇಟರ್, ಮಾರ್ಕ್ ಕಡತ, ಕೋಹಾದ ಸ್ಟೇಜ್ ಮಾರ್ಕ್ ರೆಕಾರ್ಡ್ಸ್ (ಏರಿಸುವ ಮುಂಚೆ ತಾತ್ಕಾಲಿಕವಾಗಿ ಇಡುವ ಹಂತ), ಆಮೇಲೆ ಮ್ಯಾನೇಜ್ ಸ್ಟೇಜ್ಡ್ ರೆಕಾರ್ಡ್ಸ್‌ನಲ್ಲಿ ಇಂಪೋರ್ಟ್.

ಕಾಲಂ ಹೊಂದಿಸುವುದು: ಐಎಸ್‌ಬಿಎನ್ 020, ವರ್ಗ ಸಂಖ್ಯೆ 082, ಲೇಖಕರು 100, ಹೆಸರು 245, ಆವೃತ್ತಿ 250, ಪ್ರಕಾಶನ 260, ಪುಟ 300, ವಿಷಯ 650. ಪ್ರತಿಯ ವಿವರವೆಲ್ಲ 952ರಲ್ಲಿ: ಎ ಮತ್ತು ಬಿ ಲೈಬ್ರರಿಯ ಕೋಡ್, ಡಿ ಬಂದ ದಿನಾಂಕ, ಜಿ ಬೆಲೆ, ಓ ಕಾಲ್ ನಂಬರ್, ಪಿ ಬಾರ್‌ಕೋಡ್, ವೈ ಐಟಂ ಬಗೆ. ದಿನಾಂಕ 2009-07-14 ಈ ರೂಪದಲ್ಲೇ ಇರಬೇಕು, 14/7/09 ಒಪ್ಪುವುದಿಲ್ಲ. ಬೆಲೆಯಲ್ಲಿ ‘ರೂ.’ ಬೇಡ, ಹಿಂದೆ ‘/-’ ಬೇಡ, ಬರೀ 150. ಐಎಸ್‌ಬಿಎನ್ ಕಾಲಂ ಮೊದಲೇ ಟೆಕ್ಸ್ಟ್ ಎಂದು ಮಾಡಿಡಿ. ಇಲ್ಲದಿದ್ದರೆ 13 ಅಂಕಿಯನ್ನು ಎಕ್ಸೆಲ್ 9.78 ಎಂದು ಮೊಟಕು ಮಾಡಿ ತೋರಿಸುತ್ತದೆ, ಹಾಗೇ ಉಳಿಸಿದರೆ ಹಿಂದಿನ ಅಂಕಿಗಳು ಹೋಗಿಯೇ ಬಿಡುತ್ತವೆ. 008ರಲ್ಲಿ 35ರಿಂದ 37ನೇ ಸ್ಥಾನ ಭಾಷೆಯದು. ಕನ್ನಡ ಪುಸ್ತಕಕ್ಕೆ ಕೆ-ಎ-ಎನ್ ಕೋಡ್ ಇರಬೇಕು. ಇದನ್ನು ಬಿಟ್ಟರೆ 6,000 ಕನ್ನಡ ಪುಸ್ತಕವೂ ಇಂಗ್ಲಿಷಿನವಾಗಿ ಸೇರುತ್ತವೆ, ‘ಕನ್ನಡ ಪುಸ್ತಕ ಮಾತ್ರ ತೋರಿಸು’ ಎಂದರೆ ಒಂದೂ ಬರುವುದಿಲ್ಲ. ಹಾಗಾಗಿ ಕನ್ನಡಕ್ಕೆ ಒಂದು, ಇಂಗ್ಲಿಷಿಗೆ ಒಂದು ಬೇರೆ ಬೇರೆ ಕಡತ ಮಾಡಿ.

ಈಗ ಎಲ್ಲರೂ ಎಡವುವ ಜಾಗ. ನಿಮ್ಮ ಹಾಳೆಯಲ್ಲಿ ಒಂದು ಅಕ್ಸೆಷನ್ ನಂಬರಿಗೆ ಒಂದು ಸಾಲು. ಒಂದೇ ಪಠ್ಯಪುಸ್ತಕದ 20 ಪ್ರತಿಗಳಿದ್ದರೆ 20 ಸಾಲು. ಹಾಗೇ ಏರಿಸಿದರೆ ಕ್ಯಾಟಲಾಗಿನಲ್ಲಿ ಒಂದೇ ಹೆಸರು 20 ಸಲ, ಪ್ರತಿಯೊಂದಕ್ಕೂ ಒಂದೇ ಪ್ರತಿ. ಮ್ಯಾಚಿಂಗ್ ರೂಲ್ (ಒಂದೇ ಆಗಿರುವ ದಾಖಲೆಗಳನ್ನು ಗುರುತಿಸುವ ನಿಯಮ) ಹಾಕಿದ್ದೇನಲ್ಲ ಎಂದರೆ, ಕೋಹಾ ಹೋಲಿಸುವುದು ಸ್ಟೇಜ್ ಮಾಡುವ ಹೊತ್ತಿಗೆ ಕ್ಯಾಟಲಾಗಿನಲ್ಲಿ ಆಗಲೇ ಇರುವ ದಾಖಲೆಗಳ ಜೊತೆ ಮಾತ್ರ. ಅದೇ ಕಡತದೊಳಗಿನ ಸಾಲುಗಳನ್ನು ಒಂದಕ್ಕೊಂದು ಹೋಲಿಸುವುದಿಲ್ಲ. ಐಎಸ್‌ಬಿಎನ್ ರೂಲ್ ಹಳೇ ಕನ್ನಡ ಪುಸ್ತಕಕ್ಕೆ ಉಪಯೋಗವೂ ಇಲ್ಲ, ಅವುಗಳಲ್ಲಿ ಐಎಸ್‌ಬಿಎನ್ ಎಲ್ಲಿರುತ್ತದೆ?

ಹೀಗೆ ಮಾಡಿ. ಹೆಸರು, ಲೇಖಕರು, ಆವೃತ್ತಿ, ವರ್ಷ ಈ ನಾಲ್ಕರ ಮೇಲೆ ಹಾಳೆಯನ್ನು ಜೋಡಿಸಿ, ಒಂದೇ ಆಗಿರುವ ಸಾಲುಗಳಿಗೆಲ್ಲ ಒಂದೇ ಗುಂಪು ಸಂಖ್ಯೆ ಕೊಡಿ. ಅದನ್ನು 035ರ ಎ ಉಪಕ್ಷೇತ್ರಕ್ಕೆ ಹಾಕಿ. ಪ್ರತಿ ಗುಂಪಿನ ಮೊದಲ ಸಾಲನ್ನು ಒಂದು ಕಡತ, ಉಳಿದದ್ದೆಲ್ಲ ಇನ್ನೊಂದು ಕಡತ. ಮೊದಲನೆಯದನ್ನು ಏರಿಸಿ, ಇಂಡೆಕ್ಸ್ (ಹುಡುಕಾಟದ ಪಟ್ಟಿ) ಮುಗಿಯಲು ಬಿಡಿ. ಆಮೇಲೆ 035ರ ಮೇಲೆ ಮ್ಯಾಚಿಂಗ್ ರೂಲ್ ಮಾಡಿ ಎರಡನೆಯದನ್ನು ಸ್ಟೇಜ್ ಮಾಡಿ: ಹೊಂದುವ ದಾಖಲೆ ಸಿಕ್ಕರೆ ಬಂದ ದಾಖಲೆ ಬಿಟ್ಟುಬಿಡು, ಐಟಂ (ಪ್ರತಿ) ಮಾತ್ರ ಯಾವಾಗಲೂ ಸೇರಿಸು, ಈ ಎರಡು ಆಯ್ಕೆ. ಮೊದಲು 50 ದಾಖಲೆ ಹಾಕಿ ನೋಡಿ. ಕೆಟ್ಟರೆ ಆ ಬ್ಯಾಚಿಗೇ ಅನ್‌ಡೂ ಇದೆ. ಆದರೆ ಆ ಪುಸ್ತಕ ಇಶ್ಯೂ ಆಗುವ ಮುಂಚೆ ಅನ್‌ಡೂ ಮಾಡಬೇಕು.

2015ರ ನಂತರದ ಇಂಗ್ಲಿಷ್ ಪುಸ್ತಕಗಳನ್ನು ಝಡ್39.50 (ಬೇರೆ ಲೈಬ್ರರಿಯ ದಾಖಲೆ ತರಿಸಿಕೊಳ್ಳುವ ವ್ಯವಸ್ಥೆ) ಮೂಲಕ ಐಎಸ್‌ಬಿಎನ್ ಕೊಟ್ಟು ಎಳೆದುಕೊಳ್ಳಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕನ್ನಡ ಪುಸ್ತಕಗಳೂ ಬಹಳ ಇವೆ (ಅವರ ದೆಹಲಿ ಕಚೇರಿ 1962ರಿಂದ ಕೊಳ್ಳುತ್ತಿದೆ), ಆದರೆ ಹೆಸರು ರೋಮನ್ ಲಿಪಿಯಲ್ಲಿ, ಮೇಲೆ ಕೆಳಗೆ ಚುಕ್ಕೆ ಗೆರೆಗಳ ಜೊತೆ ಬರುತ್ತದೆ. ವರ್ಗ ಸಂಖ್ಯೆ, ವಿಷಯ ಇಟ್ಟುಕೊಂಡು 245ನ್ನು ಕನ್ನಡದಲ್ಲೇ ಬರೆಯಿರಿ. ಚುಕ್ಕೆ ಗೆರೆ ಇಲ್ಲದ ಸಾದಾ ಇಂಗ್ಲಿಷ್ ಕಾಗುಣಿತವನ್ನು 246ಕ್ಕೆ (ಪರ್ಯಾಯ ಹೆಸರಿನ ಕ್ಷೇತ್ರ) ಹಾಕಿ. ಕನ್ನಡ ಕೀಲಿಮಣೆ ಬಾರದ ವಿದ್ಯಾರ್ಥಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೆಸರು ಹೊಡೆದು ಹುಡುಕುತ್ತಾನೆ, ಅವನಿಗೂ ಪುಸ್ತಕ ಸಿಗಬೇಕು.

ಲೇಖಕರ ಹೆಸರಿಗೆ ಅಥಾರಿಟಿ ದಾಖಲೆ (ಒಬ್ಬರ ಹೆಸರಿನ ಎಲ್ಲ ರೂಪ ಒಂದೆಡೆ ಕೂಡಿಸುವ ದಾಖಲೆ) ಮಾಡುವುದನ್ನು ಮುಂದೂಡಬೇಡಿ. ಮೇಲುಕೋಟೆಯ ಪು.ತಿ.ನ. ಒಬ್ಬರೇ ‘ಪು.ತಿ.ನ’, ‘ಪುತಿನ’, ‘ಪು. ತಿ. ನರಸಿಂಹಾಚಾರ್’, ‘ನರಸಿಂಹಾಚಾರ್, ಪು.ತಿ.’ ಎಂದು ನಾಲ್ಕು ಜನ ಆಗಿರುತ್ತಾರೆ. ಒಂದು ರೂಪವನ್ನು 100ರಲ್ಲಿ ನಿಲ್ಲಿಸಿ, ಉಳಿದವನ್ನು ಅಥಾರಿಟಿಯ 400ರಲ್ಲಿ ಬರೆಯಿರಿ. ಕಾವ್ಯನಾಮದಲ್ಲಿ ಬರೆಯುವುದು ನಮ್ಮಲ್ಲಿ ಎಷ್ಟು ರೂಢಿಯೆಂದರೆ, ಈ ಕೆಲಸ ಬಿಟ್ಟ ಕನ್ನಡ ಕ್ಯಾಟಲಾಗ್ ಅರ್ಧ ಕ್ಯಾಟಲಾಗ್. ಇನ್ನೂರು ಲೇಖಕರಿಗೆ ಮಾಡಿದರೂ ಹೆಚ್ಚು ಓಡಾಡುವ ಪುಸ್ತಕಗಳೆಲ್ಲ ಒಳಗಾಗುತ್ತವೆ.

ತರಂಗ

ಆರ್‌ಎಫ್‌ಐಡಿ: ಈಗ ಬೇಡ. ನ್ಯಾಕ್‌ನ ಹಳೇ ಕೈಪಿಡಿಯ 4.2.1 ಕೇಳುತ್ತಿದ್ದದ್ದು ಲೈಬ್ರರಿ ಆಟೊಮೇಷನ್ (ಕೆಲಸವನ್ನು ಕಂಪ್ಯೂಟರಿಗೆ ತರುವುದು) ಬಗ್ಗೆ: ಸಾಫ್ಟ್‌ವೇರಿನ ಹೆಸರು, ಪೂರ್ತಿಯೋ ಭಾಗಶಃವೋ, ಆವೃತ್ತಿ, ವರ್ಷ. ಗೇಟು ಇದೆಯೇ ಎಂದಲ್ಲ. ಟ್ಯಾಗ್ ಒಳಗೆ ಬರೆಯುವುದೂ ಕೊನೆಗೆ ಆ ಬಾರ್‌ಕೋಡ್ ನಂಬರನ್ನೇ. ನಂಬರ್ ಸರಿಯಿಲ್ಲದೆ ಟ್ಯಾಗ್ ಹಚ್ಚಿದರೆ ತಪ್ಪನ್ನೇ ದುಬಾರಿ ಮಾಡಿದಂತೆ.

ಮುಂದೆ ತೆಗೆದುಕೊಳ್ಳುವಾಗ ಕೊಟೇಶನ್ನಿನಲ್ಲಿ ಇವು ಬರಹದಲ್ಲಿ ಇರಲಿ. ಎಚ್‌ಎಫ್ (ಹೈ ಫ್ರೀಕ್ವೆನ್ಸಿ), 13.56 ಮೆಗಾಹರ್ಟ್ಸ್, ಐಎಸ್‌ಒ 15693 ಟ್ಯಾಗ್. ಒಳಗಿನ ಡೇಟಾ ಐಎಸ್‌ಒ 28560 ಪ್ರಕಾರ. ಟ್ಯಾಗ್‌ಗೆ ಪಾಸ್‌ವರ್ಡ್ ಹಾಕಿದರೆ ಅದು ಕಾಲೇಜಿನ ಕೈಗೆ ಬರಬೇಕು, ಇಲ್ಲದಿದ್ದರೆ ನಾಳೆ ಬೇರೆ ಕಂಪನಿಯ ರೀಡರ್ ತಂದಾಗ ಅಷ್ಟೂ ಟ್ಯಾಗ್ ಕಸ. ಕೋಹಾ ಜೊತೆ ಎಸ್‌ಐಪಿ2 (ಲೈಬ್ರರಿ ಯಂತ್ರಗಳು ಸಾಫ್ಟ್‌ವೇರಿನ ಜೊತೆ ಮಾತಾಡುವ ರೀತಿ) ಮೂಲಕ ಮಾತಾಡಬೇಕು. ಕಬ್ಬಿಣದ ರ‍್ಯಾಕಿಗೆ ತಾಗಿದ ಪುಸ್ತಕ, ಮಿಂಚುವ ಲೋಹದ ಹಾಳೆಯ ರಕ್ಷಾಪುಟ, ಒಳಗೆ ಸಿಡಿ ಇರುವ ಪುಸ್ತಕ ಇವುಗಳಲ್ಲಿ ಓದುವಿಕೆ ತಪ್ಪುತ್ತದೆ. ತೆಳು ಪುಸ್ತಕಗಳಲ್ಲಿ ಎಲ್ಲಕ್ಕೂ ಒಂದೇ ಜಾಗದಲ್ಲಿ ಟ್ಯಾಗ್ ಹಚ್ಚಿದರೆ ಒಂದರ ಮೇಲೊಂದು ಬಿದ್ದು ರೀಡರಿಗೆ ಕೆಲವು ಕಾಣುವುದೇ ಇಲ್ಲ. ಹಿಂದಿನ ರಟ್ಟಿನ ಒಳಗೆ ಬೆನ್ನಿನ ಹತ್ತಿರ, ಒಂದಕ್ಕೆ ಮೇಲೆ, ಒಂದಕ್ಕೆ ನಡುವೆ, ಒಂದಕ್ಕೆ ಕೆಳಗೆ ಹಚ್ಚಬೇಕು.

ಸದ್ಯಕ್ಕೆ ಬಾರ್‌ಕೋಡ್ ಚೆನ್ನಾಗಿ ಮಾಡಿ. ಕೋಡ್ 128 ಎಂಬ ಬಾರ್‌ಕೋಡ್ ಬಗೆ, ಏಳು ಅಂಕಿ. ಪುಸ್ತಕಕ್ಕೆ ಎರಡು ಲೇಬಲ್: ಒಂದು ಶೀರ್ಷಿಕೆ ಪುಟದ ಹಿಂದೆ, ಇನ್ನೊಂದು ಹಿಂದಿನ ರಟ್ಟಿನ ಮೇಲೆ ಎಡ ಮೂಲೆ, ಹೆಸರು ಬೆಲೆ ಮುಚ್ಚದಂತೆ. 29,200 ಲೇಬಲ್ ಆಯಿತು. ಎ4 ಹಾಳೆಗೆ 65 ಲೇಬಲ್ ಬರುವ ಸ್ಟಿಕರ್ ಆದರೆ 450 ಹಾಳೆ. ಕೆಡುವುದಕ್ಕೆಂದು 500 ತನ್ನಿ. ಲೇಸರ್ ಪ್ರಿಂಟರಿನಲ್ಲಿ ‘ಪುಟಕ್ಕೆ ಹೊಂದಿಸು’ ಆಯ್ಕೆ ತೆಗೆದು 100 ಶೇಕಡಾ ಇಡಿ. ಇಲ್ಲದಿದ್ದರೆ ಮೊದಲ ಸಾಲು ಸರಿಯಾಗಿದ್ದು ಕೊನೆಯ ಸಾಲಿನಲ್ಲಿ ಗೆರೆಗಳು ಪಕ್ಕದ ಸ್ಟಿಕರಿಗೆ ಜಾರಿರುತ್ತವೆ. ಗೆರೆಗಳ ಎರಡೂ ಪಕ್ಕ 5 ಮಿಲಿಮೀಟರಾದರೂ ಖಾಲಿ ಬಿಳಿ ಇರಬೇಕು, ಕಾಲೇಜಿನ ಹೆಸರನ್ನು ಅಲ್ಲಿ ತುರುಕಬೇಡಿ. ಬಸ್ ಟಿಕೆಟ್ ತರಹದ, ರಿಬ್ಬನ್ ಇಲ್ಲದ ಥರ್ಮಲ್ ಲೇಬಲ್ ಮಾತ್ರ ಬೇಡವೇ ಬೇಡ. ಬಿಸಿಲು, ಶಾಖಕ್ಕೆ ಗೆರೆಗಳು ಮಾಸುತ್ತವೆ. ರಿಬ್ಬನ್ ಇರುವ ಪ್ರಿಂಟರ್ ಸಿಕ್ಕರೆ ಪಾಲಿಯೆಸ್ಟರ್ ಲೇಬಲ್, ರೆಸಿನ್ ರಿಬ್ಬನ್.

ಹಳೇ, ಪುಡಿಯಾಗುವ ಕಾಗದದ ಪುಸ್ತಕಗಳಿಗೆ ಸ್ಟಿಕರ್ ಹಚ್ಚಬೇಡಿ. ಅಂಟು ಕಾಗದವನ್ನೇ ತಿನ್ನುತ್ತದೆ, ಕಿತ್ತರೆ ಪುಟವೇ ಬರುತ್ತದೆ. ಆಮ್ಲರಹಿತ ಕಾಗದದ ಪಟ್ಟಿಯ ಮೇಲೆ ಬಾರ್‌ಕೋಡ್ ಹಚ್ಚಿ ಪುಸ್ತಕದೊಳಗೆ ಇಡಿ, ಶೀರ್ಷಿಕೆ ಪುಟದ ಹಿಂದೆ ಪೆನ್ಸಿಲಿನಲ್ಲಿ ನಂಬರ್ ಬರೆಯಿರಿ. ಅಂಥ ಪುಸ್ತಕ ಹೇಗೂ ಹೊರಗೆ ಕೊಡುವುದಲ್ಲ.

ಮಂಡ್ಯ ಗ್ರಂಥಪಾಲಕಿ

ಬಹಳ ಉಪಕಾರವಾಯಿತು. ಪ್ರಯೋಗಕ್ಕೆ 50 ಕನ್ನಡ ದಾಖಲೆ ಏರಿಸಿ ನೋಡಿದಾಗ ಮೂರು ವಿಷಯ ಎದ್ದಿವೆ. ‘ರಾಜ್‌ಕುಮಾರ್’ ಎಂದು ಹುಡುಕಿದರೆ ಕೆಲವು ಬರುತ್ತವೆ, ಕೆಲವು ಬರುವುದಿಲ್ಲ. ‘ಮರ’ ಎಂದರೆ ‘ಮರಿ’ ಕೂಡ ಬರುತ್ತದೆ. ಎರಡನೇದು, ಸ್ಕ್ಯಾನರ್ ಕೆಲವೊಮ್ಮೆ ಅಂಕಿಯ ಬದಲು ಬೇರೇನೋ ಹೊಡೆಯುತ್ತದೆ. ಮೂರನೇದು, ಇಲ್ಲಿ ಕರೆಂಟ್ ಹೋದರೆ ಎರಡು ಗಂಟೆ ಬರುವುದಿಲ್ಲ. ಆಗ ಇಶ್ಯೂ-ರಿಟರ್ನ್ ಹೇಗೆ?

ಲಿಪಿಕಾರ

ಮೊದಲನೆಯದು ಕಾಣದ ಅಕ್ಷರದ ಕಾಟ. ‘ರಾಜ್’ ಮತ್ತು ‘ಕುಮಾರ್’ ಒತ್ತಾಗದೆ ಬಿಡಿಯಾಗಿ ನಿಲ್ಲಲು ನಡುವೆ ಒಂದು ಅಗಲವಿಲ್ಲದ ಚಿಹ್ನೆ ಕೂರುತ್ತದೆ, ಯೂನಿಕೋಡಿನಲ್ಲಿ 200ಸಿ. ‘ರ‍್ಯಾಂಕ್’ ಬರೆಯುವಾಗ ಕೂರುವುದು 200ಡಿ. ಒಂದು ದಾಖಲೆಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಪದ. ದಾಖಲೆಯಿಂದ ಕಿತ್ತುಹಾಕಬೇಡಿ, ಹಾಗೆ ಮಾಡಿದರೆ ‘ರಾಜ್ಕುಮಾರ್’ ಎಂದು ವಿಕಾರವಾಗಿ ಕಾಣುತ್ತದೆ. ಇಂಡೆಕ್ಸ್ ಮಾಡುವಾಗ ಮಾತ್ರ ಬಿಡುವಂತೆ ಹೇಳಬೇಕು.

ಕೋಹಾದ ಹುಡುಕಾಟ ನಡೆಸುವ ಝೀಬ್ರಾ ಎರಡು ರೀತಿ ಇಂಡೆಕ್ಸ್ ಮಾಡಬಲ್ಲದು. ಹಳೇ ಸಿಎಚ್‌ಆರ್ ರೀತಿ ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಯೂನಿಕೋಡ್ ಬಲ್ಲ ಐಸಿಯು ರೀತಿ ಬೇಕು. ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ: ಝೀಬ್ರಾದ ಡೀಫಾಲ್ಟ್ ಇಂಡೆಕ್ಸ್ ಕಡತದಲ್ಲಿ ಸಿಎಚ್‌ಆರ್ ಸಾಲಿನ ಬದಲು ಐಸಿಯು ಸಾಲು, ಐಸಿಯು ನಿಯಮಗಳ ಕಡತದಲ್ಲಿ 200ಸಿ ಮತ್ತು 200ಡಿ ತೆಗೆದುಹಾಕುವ ಒಂದು ನಿಯಮ, ಆಮೇಲೆ ಪೂರ್ತಿ ಮರು-ಇಂಡೆಕ್ಸ್. ಹುಡುಕುವ ಪದಕ್ಕೂ ಅದೇ ನಿಯಮ ಅನ್ವಯಿಸುವುದರಿಂದ ಎರಡೂ ಕಡೆ ಹೊಂದುತ್ತದೆ. ‘ಮರ’ಕ್ಕೆ ‘ಮರಿ’ ಬರುತ್ತಿದೆ ಎಂದರೆ ಆ ನಿಯಮಗಳಲ್ಲಿ ‘ನಾನ್‌ಸ್ಪೇಸಿಂಗ್ ಮಾರ್ಕ್’ ಕಿತ್ತುಹಾಕುವ ಸಾಲು ಇದೆಯೇ ಮೊದಲು ನೋಡಿ. ಯುರೋಪಿನ ಅಕ್ಷರದ ಮೇಲಿನ ಗೆರೆ ತೆಗೆಯಲು ಬರೆಯುವ ಸಾಲು ಅದು. ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಗುಡಿಸೂ ಆ ಜಾತಿಗೇ ಸೇರುತ್ತದೆ, ಹಾಗಾಗಿ ‘ರಿ’ಯ ಗುಡಿಸು ಉದುರಿ ‘ರ’ ಉಳಿಯುತ್ತದೆ. ಆ ಸಾಲು ಇದ್ದರೆ ಕನ್ನಡ ಲೈಬ್ರರಿಯಲ್ಲಿ ಇರಬಾರದು.

ಸ್ಕ್ಯಾನರ್ ಕೆಟ್ಟಿಲ್ಲ. ಕಂಪ್ಯೂಟರಿಗೆ ಅದೊಂದು ಕೀಲಿಮಣೆ ಅಷ್ಟೆ. ಕನ್ನಡ ಕೀಲಿಮಣೆ ಆನ್ ಆಗಿರುವಾಗ ಸ್ಕ್ಯಾನ್ ಮಾಡಿದರೆ ಅದೂ ಕನ್ನಡದಲ್ಲೇ ‘ಟೈಪ್’ ಮಾಡುತ್ತದೆ, ಕೆಲವು ವಿನ್ಯಾಸಗಳಲ್ಲಿ 1 ಹೋಗಿ ‘೧’ ಬರುತ್ತದೆ. ಇಶ್ಯೂ ಕೌಂಟರಿನ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆಯನ್ನೇ ಹಾಕಬೇಡಿ, ಕ್ಯಾಟಲಾಗ್ ಮಾಡುವ ಕಂಪ್ಯೂಟರಿನಲ್ಲಿ ಮಾತ್ರ ಇರಲಿ.

ಕಪಾಟು

ಕರೆಂಟ್ ವಿಷಯ. ಸಣ್ಣ ಯುಪಿಎಸ್ ಎರಡು ಗಂಟೆ ಎಳೆಯುವುದಿಲ್ಲ. ಅದರ ಕೆಲಸ ಸರ್ವರನ್ನು ಕ್ರಮವಾಗಿ ಆರಿಸಲು ಹತ್ತು ನಿಮಿಷ ಕೊಡುವುದು. ಪಟ್ಟನೆ ಆರಿದರೆ ಮೊದಲು ಕೆಡುವುದು ಇಂಡೆಕ್ಸ್: ಪುಸ್ತಕ ಇದ್ದರೂ ಹುಡುಕಿದರೆ ಬರುವುದಿಲ್ಲ. ಆಗ ಮರು-ಇಂಡೆಕ್ಸ್ ಮಾಡಿಸಿದರೆ ಸರಿಹೋಗುತ್ತದೆ, ಡೇಟಾ ಹೋಗಿದೆ ಎಂದು ಹೆದರಬೇಕಿಲ್ಲ.

ಕೌಂಟರಿನಲ್ಲಿ ಒಂದು ಉದ್ದ ನೋಟ್‌ಬುಕ್ ಇಡಿ. ಕಾಲಂ ಐದು: ಸಮಯ, ಕೊಟ್ಟದ್ದೋ ಬಂದದ್ದೋ, ಬಾರ್‌ಕೋಡಿನ ಏಳು ಅಂಕಿ, ವಿದ್ಯಾರ್ಥಿಯ ಕಾರ್ಡ್ ನಂಬರ್, ಕಂಪ್ಯೂಟರಿಗೆ ಏರಿಸಿದ್ದಕ್ಕೆ ಟಿಕ್. ಕರೆಂಟ್ ಬಂದ ಮೇಲೆ ಬರೆದ ಕ್ರಮದಲ್ಲೇ ಏರಿಸಿ. ಬಂದದ್ದನ್ನೆಲ್ಲ ಒಟ್ಟಿಗೆ, ಕೊಟ್ಟದ್ದನ್ನೆಲ್ಲ ಒಟ್ಟಿಗೆ ಎಂದು ಮಾಡಿದರೆ ಬೆಳಿಗ್ಗೆ ಒಬ್ಬರು ತಂದುಕೊಟ್ಟು ಮಧ್ಯಾಹ್ನ ಇನ್ನೊಬ್ಬರು ಒಯ್ದ ಪುಸ್ತಕ ಉಲ್ಟಾ ಆಗುತ್ತದೆ. ಮರುದಿನ ಏರಿಸುವುದಾದರೆ ಹಿಂದಿನ ದಿನಾಂಕ ಹಾಕುವ ಅವಕಾಶ ಕೋಹಾದ ಸಿಸ್ಟಂ ಪ್ರಿಫರೆನ್ಸ್‌ನಲ್ಲಿದೆ, ‘ಸ್ಪೆಸಿಫೈ ರಿಟರ್ನ್ ಡೇಟ್’ ಎಂದು. ಆನ್ ಮಾಡಿಕೊಳ್ಳಿ, ವಿದ್ಯಾರ್ಥಿಗೆ ಸುಮ್ಮನೆ ದಂಡ ಬೀಳಬಾರದು. ಇದೇ ಕಾರಣಕ್ಕೆ ದಸರಾ ರಜೆ, ಭಾನುವಾರ ಎಲ್ಲವನ್ನೂ ಕೋಹಾದ ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ತುಂಬಿಡಿ.

ಬ್ಯಾಕಪ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಪ್ಯಾಕೇಜಿನಿಂದ ಹಾಕಿದ ಕೋಹಾ ದಿನವೂ ತಾನೇ ಬ್ಯಾಕಪ್ ತೆಗೆಯುತ್ತದೆ, ಆದರೆ ಅದೇ ಡಿಸ್ಕಿನಲ್ಲಿ, ಅದೂ ಎರಡು ದಿನದ್ದು ಮಾತ್ರ ಉಳಿಸಿಕೊಂಡು. ಡಿಸ್ಕ್ ಹೋದರೆ ಎರಡೂ ಹೋದವು. ಪ್ರತಿ ಶನಿವಾರ ಮನೆಗೆ ಹೊರಡುವ ಮುಂಚೆ ಹೊಸ ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಪ್ರಿನ್ಸಿಪಾಲರ ಕೊಠಡಿಯ ಬೀರುವಿನಲ್ಲಿಡಿ. ಎರಡು ಪೆನ್‌ಡ್ರೈವ್ ಇರಲಿ, ಒಂದು ವಾರ ಒಂದು, ಮುಂದಿನ ವಾರ ಇನ್ನೊಂದು. ಸೆಮಿಸ್ಟರಿಗೊಮ್ಮೆ ಕಂಪ್ಯೂಟರ್ ಲ್ಯಾಬಿನ ಖಾಲಿ ಯಂತ್ರವೊಂದರಲ್ಲಿ ಕೋಹಾ ಹಾಕಿಸಿ, ಆ ಕಡತವನ್ನು ರಿಸ್ಟೋರ್ ಮಾಡಿಸಿ, ಯಾವುದಾದರೂ ಹತ್ತು ಬಾರ್‌ಕೋಡ್ ಹೊಡೆದು ಹೆಸರು ಸರಿಯಾಗಿ ಬರುತ್ತದೆಯೇ ನೋಡಿ, ಹತ್ತರಲ್ಲಿ ಐದು ಕನ್ನಡದವು ಇರಲಿ.